ಮೆನು ಬಾಯಿಪಾಠದಿಂದ ವಿನ್ಯಾಸ ಬರುವುದಿಲ್ಲ

ನಮ್ಮ ತಾಲ್ಲೂಕು ಊರುಗಳ ಬಸ್ ನಿಲ್ದಾಣದ ಎದುರು ನಿಂತು ತಲೆಯೆತ್ತಿದರೆ ಯಾವುದಾದರೊಂದು ಕಟ್ಟಡದ ಮೊದಲ ಮಹಡಿಯಲ್ಲಿ ಆ ಬೋರ್ಡು ಕಂಡೇ ಕಾಣುತ್ತದೆ. ಫೋಟೋಶಾಪ್, ಕೋರೆಲ್‌ಡ್ರಾ, ಆಟೋಕ್ಯಾಡ್, ತ್ರೀಡಿ ಮ್ಯಾಕ್ಸ್. ಮೂರು ತಿಂಗಳ ಕೋರ್ಸು, ಸರ್ಟಿಫಿಕೇಟ್ ಸಹಿತ. ಬೋರ್ಡಿನಲ್ಲಿ ಇರುವುದೆಲ್ಲ ಸಾಮಾನಿನ ಹೆಸರು, ವಿದ್ಯೆಯ ಹೆಸರು ಒಂದೂ ಇಲ್ಲ. ಬಡಗಿ ಕೆಲಸ ಕಲಿಸುತ್ತೇನೆ ಎನ್ನುವವನು ತನ್ನ ಬಾಗಿಲ ಮೇಲೆ ಗರಗಸದ ಕಂಪನಿಗಳ ಹೆಸರು ಬರೆಸಿಕೊಂಡು ಕೂತ ಹಾಗಿದೆ ಇದು. ಬಡಗಿ ಹಾಗೆ ಮಾಡಿದರೆ ನಾವು ನಗುತ್ತೇವೆ. ಕಂಪ್ಯೂಟರಿನವನು ಮಾಡಿದರೆ ಫೀಸು ಕಟ್ಟುತ್ತೇವೆ.

ಒಳಗೆ ನಡೆಯುವ ಪಾಠವೂ ಬೋರ್ಡಿಗೆ ತಕ್ಕ ಹಾಗೆಯೇ ಇರುತ್ತದೆ. ಇಲ್ಲಿ ಕ್ಲಿಕ್ ಮಾಡಿ, ಅಲ್ಲಿಗೆ ಹೋಗಿ, ಈ ಗುಂಡಿ ಒತ್ತಿ, ಓಕೆ ಕೊಡಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಶಾರ್ಟ್‌ಕಟ್‌ಗಳ ಪಟ್ಟಿ. ಇಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ಡ್ರಾಯಿಂಗ್ ತರಗತಿ ಇದಕ್ಕಿಂತ ಘನವಾದುದೇನೂ ಅಲ್ಲ. ಪಂಚಭುಜದ ಪಟ್ಟಕವೊಂದು ನೆಲದ ಮೇಲೆ ಅಂಚೂರಿ ವಾಲಿ ನಿಂತಿದೆ, ಅದರ ನೋಟಗಳನ್ನು ಬಿಡಿಸಿ ಎಂದರೆ ಹುಡುಗರು ಪಟ್ಟಕವನ್ನು ಮನಸ್ಸಿನಲ್ಲಿ ವಾಲಿಸಿ ನೋಡುವುದಿಲ್ಲ. ಹಿಂದಿನ ಬ್ಯಾಚಿನವರು ಬರೆದಿಟ್ಟ ಹದಿನಾಲ್ಕು ಹಂತಗಳನ್ನು ನೆನಪಿಸಿಕೊಳ್ಳುತ್ತಾರೆ. ಪಟ್ಟಕ ಷಡ್ಭುಜವಾದರೆ ಹದಿನೈದನೆಯ ಹಂತ ಯಾವುದೆಂದು ಪಕ್ಕದವನ ಪರದೆ ನೋಡುತ್ತಾರೆ.

ಇದನ್ನು ಕಲಿಕೆ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ಕಂಪ್ಯೂಟರ್ ಸಹಾಯದ ವಿನ್ಯಾಸದಲ್ಲಿ ಬುನಾದಿಯಾಗಿ ಕಲಿಯಬೇಕಾದ್ದು ಮೂರು ಸಂಗತಿ: ಚಿತ್ರವನ್ನು ಚುಕ್ಕಿಗಳಾಗಿ ಯೋಚಿಸುವುದು, ಗೆರೆಗಳಾಗಿ ಯೋಚಿಸುವುದು, ಘನವಸ್ತುವಾಗಿ ಯೋಚಿಸುವುದು. ರಾಸ್ಟರ್, ವೆಕ್ಟರ್, ಮಾಡೆಲಿಂಗ್ ಎಂಬ ಹೆಸರುಗಳು ಸೂಚಿಸುವುದು ಇವನ್ನೇ. ಉಳಿದದ್ದೆಲ್ಲ ಮೆನು. ಮೆನುವನ್ನು ಬಾಯಿಪಾಠ ಮಾಡಿಸಿ ಈ ಮೂರನ್ನು ಬಿಟ್ಟುಬಿಟ್ಟ ಕೋರ್ಸು ವಿದ್ಯಾರ್ಥಿಯ ದುಡ್ಡಿಗಿಂತ ದೊಡ್ಡದೊಂದನ್ನು ಕಸಿದುಕೊಳ್ಳುತ್ತದೆ. ತಾನು ಮಾಡುತ್ತಿರುವುದು ಏನೆಂದು ಅರಿತು ಮಾಡುವ ಹಕ್ಕು ಅದು.

ಪರಿಣಾಮ ಎಲ್ಲಿ ಕಾಣುತ್ತದೆ ಎಂದು ಕೇಳಬಹುದು. ಬೀದಿಯಲ್ಲೇ ಕಾಣುತ್ತದೆ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ಫ್ಲೆಕ್ಸುಗಳನ್ನು ನೋಡಿ. ಹತ್ತು ಅಡಿ ಅಗಲ ಎಂದರೆ 120 ಇಂಚು. ವಾಟ್ಸಾಪಿನಲ್ಲಿ ಹಾದು ಬಂದ ಫೋಟೋ 1280 ಪಿಕ್ಸೆಲ್ ಅಗಲವಿದ್ದರೆ ಇಂಚಿಗೆ ಹತ್ತು ಹನ್ನೊಂದು ಚುಕ್ಕಿ ಬೀಳುತ್ತವೆ. ಒಂದೊಂದು ಚುಕ್ಕಿ ಎರಡು ಮಿಲಿಮೀಟರಿಗಿಂತ ದಪ್ಪ. ರಸ್ತೆಯ ಆ ಬದಿಯಿಂದ ನೋಡುವವರಿಗೆ ಇದು ನಡೆಯುತ್ತದೆ, ಕೈಯಲ್ಲಿ ಹಿಡಿದು ನೋಡುವ ಆಮಂತ್ರಣ ಪತ್ರಕ್ಕೆ ನಡೆಯುವುದಿಲ್ಲ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಬೇಕಾದರೆ 2480 ಅಡ್ಡ, 3508 ಉದ್ದ, ಅಂದರೆ ಸುಮಾರು 87 ಲಕ್ಷ ಚುಕ್ಕಿ ಬೇಕು. ಎಷ್ಟು ದೂರದಿಂದ ನೋಡುತ್ತಾರೆ, ಅದಕ್ಕೆ ಎಷ್ಟು ಚುಕ್ಕಿ ಸಾಕು ಎಂಬ ಈ ಗುಣಾಕಾರ ಏಳನೆಯ ತರಗತಿಯ ಲೆಕ್ಕ. ಆದರೂ ಮೂರು ತಿಂಗಳ ಕೋರ್ಸು ಮುಗಿಸಿದ ಎಷ್ಟೋ ಹುಡುಗರಿಗೆ 300 ಎಂಬುದು ಪೆಟ್ಟಿಗೆಯೊಂದರಲ್ಲಿ ತುಂಬಬೇಕಾದ ಮಂತ್ರಸಂಖ್ಯೆ ಮಾತ್ರ. ಮಸುಕಾದ ಸಣ್ಣ ಫೋಟೋಕ್ಕೂ ಅದನ್ನೇ ತುಂಬುತ್ತಾರೆ. ಕಂಪ್ಯೂಟರ್ ಇಲ್ಲದ ಚುಕ್ಕಿಗಳನ್ನು ಅಕ್ಕಪಕ್ಕದ ಬಣ್ಣ ನೋಡಿ ಊಹಿಸಿ ಸೇರಿಸುತ್ತದೆ. ಹಾಲಿಗೆ ನೀರು ಬೆರೆಸಿ ಲೀಟರ್ ಹೆಚ್ಚಾಯಿತು ಎಂದು ಸಂಭ್ರಮಪಟ್ಟ ಹಾಗೆ.

ಗೆರೆಯ ಅಜ್ಞಾನ ನೋಡಬೇಕಾದರೆ ಮನೆಗಳ ಮುಂದಿನ ಲೇಸರ್ ಕತ್ತರಿಸಿದ ನಾಮಫಲಕಗಳ ಅಂಚನ್ನು ಬೆರಳಿನಿಂದ ಸವರಿ. ಅಕ್ಷರದ ಫೋಟೋ ಹಾಕಿ ಸ್ವಯಂಚಾಲಿತವಾಗಿ ಟ್ರೇಸ್ ಮಾಡಿದರೆ ಹತ್ತು ಬಿಂದುಗಳಲ್ಲಿ ಮುಗಿಯಬೇಕಾದ 'ಅ' ಇನ್ನೂರು ಬಿಂದುಗಳ ಮುಳ್ಳುಬೇಲಿಯಾಗುತ್ತದೆ. ಯಂತ್ರ ಪ್ರಾಮಾಣಿಕ ಪ್ರಾಣಿ. ಕೊಟ್ಟ ಮುಳ್ಳನ್ನೆಲ್ಲ ಕತ್ತರಿಸಿಕೊಡುತ್ತದೆ.

ಘನದ ಅಜ್ಞಾನ ಇವೆರಡಕ್ಕಿಂತ ದುಬಾರಿ. 70 ಮಿಲಿಮೀಟರ್ ಅಗಲದ ಪಟ್ಟಿಯ ನಡುವೆ ಒಂದು ತೂತು ಬೇಕು. ಗುಂಡಿ ಒತ್ತಲು ಕಲಿತವನು ಅಂಚಿನಿಂದ 35 ಎಂದು ಅಳತೆ ಕೊಟ್ಟು ಮುಗಿಸುತ್ತಾನೆ. ಯೋಚಿಸಲು ಕಲಿತವಳು 'ಎರಡೂ ಅಂಚಿನಿಂದ ಸಮ' ಎಂದು ನಿಯಮ ಕೊಡುತ್ತಾಳೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಎರಡಕ್ಕೂ ಪೂರ್ತಿ ಅಂಕ ಸಿಗುತ್ತದೆ. ನಾಳೆ ಗಿರಾಕಿ ಬಂದು ಅಗಲ 90 ಆಗಲಿ ಎಂದಾಗ ಅವಳ ತೂತು 45ಕ್ಕೆ ತಾನಾಗಿ ಸರಿಯುತ್ತದೆ. ಅವನದು 35ರಲ್ಲೇ ಕೂತಿರುತ್ತದೆ, ಲೋಹ ಕತ್ತರಿಸಿ ಬಂದಮೇಲೆ ಗೊತ್ತಾಗುತ್ತದೆ. ನಮ್ಮ ಪರೀಕ್ಷೆಗಳು ಅಳೆಯುವುದು ಪರದೆಯನ್ನು. ಕಾರ್ಖಾನೆ ಅಳೆಯುವುದು ತೂತನ್ನು.

ಇಷ್ಟಕ್ಕೂ ಈ ಮೂರು ವಿಚಾರಗಳು ನಮ್ಮ ಮಕ್ಕಳಿಗೆ ಪರದೇಶದವೇ? ಧಾರವಾಡ ಸೀಮೆಯ ಕಸೂತಿಯನ್ನು ನೆನಪು ಮಾಡಿಕೊಳ್ಳಿ. ಗವಂತಿ, ಮುರ್ಗಿ, ನೇಯ್ಗೆ, ಮೆಂಥಿ ಎಂಬ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ಹೆಣ್ಣುಮಕ್ಕಳು ಹಾಸು ಹೊಕ್ಕಿನ ಎಳೆ ಎಣಿಸುತ್ತಾರೆ, ಎಣಿಕೆಯಲ್ಲೇ ಗೋಪುರ, ತೇರು, ಆನೆ ಎದ್ದು ಬರುತ್ತವೆ. ಅದೇ ಎಣಿಕೆಯ ಗೋಪುರ ದಪ್ಪ ಎಳೆಯ ಬಟ್ಟೆಯ ಮೇಲೆ ದೊಡ್ಡದಾಗುತ್ತದೆ, ನಯವಾದ ಬಟ್ಟೆಯ ಮೇಲೆ ಚಿಕ್ಕದಾಗುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತು. ಇಂಚಿಗೆ ಎಷ್ಟು ಎಳೆ ಎನ್ನುವುದೂ ಇಂಚಿಗೆ ಎಷ್ಟು ಪಿಕ್ಸೆಲ್ ಎನ್ನುವುದೂ ಒಂದೇ ಪ್ರಶ್ನೆ.

ಚುಕ್ಕಿ ರಂಗೋಲಿಗೆ ಬನ್ನಿ. ಚುಕ್ಕಿ ಅಂದಮಾತ್ರಕ್ಕೆ ಅದು ರಾಸ್ಟರ್ ಅಲ್ಲ. ಅಲ್ಲಿ ಚುಕ್ಕಿ ಚಿತ್ರವಲ್ಲ, ಗೆರೆಗೆ ದಾರಿ ತೋರಿಸುವ ಗುರುತು. ತುಳಸಿಕಟ್ಟೆಯ ಮುಂದೆ ಗೇಣಗಲದಲ್ಲಿ ಬಿಡಿಸಿದ್ದನ್ನೇ ಹಬ್ಬದ ದಿನ ಅಂಗಳದ ತುಂಬ ಬಿಡಿಸುವಾಗ ಮಾಡುವುದಿಷ್ಟೆ: ಚುಕ್ಕಿಗಳ ನಡುವಿನ ಅಂತರ ಹೆಚ್ಚಿಸುವುದು. ಗೆರೆ ಒಡೆಯುವುದಿಲ್ಲ, ಮಸುಕಾಗುವುದಿಲ್ಲ. ವೆಕ್ಟರ್ ಚಿತ್ರದ ಪೂರ್ತಿ ಗುಟ್ಟು ಇಷ್ಟೇ. ಬಿಂದುಗಳನ್ನು ಇಟ್ಟುಕೊಂಡಿರಿ, ಗೆರೆಯನ್ನು ಬೇಕಾದಾಗ ಬೇಕಾದ ಅಳತೆಗೆ ಹೊಸದಾಗಿ ಎಳೆಯಿರಿ.

ಘನಕ್ಕೆ ಚನ್ನಪಟ್ಟಣವಿದೆ. ಆಲೆ ಮರದ ತುಂಡು ಚರಕಿಯಲ್ಲಿ ಗಿರ್ರನೆ ತಿರುಗುತ್ತಿರುತ್ತದೆ, ಉಳಿ ಒಂದು ಅಂಚಿನಲ್ಲಿ ಮಾತ್ರ ಚಲಿಸುತ್ತದೆ, ಗೊಂಬೆಯ ಸುತ್ತಲಿನ ಮೈಯೆಲ್ಲ ತಾನಾಗಿ ರೂಪುಗೊಳ್ಳುತ್ತದೆ. ಮಾಡೆಲಿಂಗ್ ತಂತ್ರಾಂಶದಲ್ಲಿ ರಿವಾಲ್ವ್ ಎಂಬ ಆಜ್ಞೆ ಮಾಡುವುದು ಇದನ್ನೇ: ಅರ್ಧ ಅಂಚು ಬರೆಯಿರಿ, ಅಕ್ಷದ ಸುತ್ತ ತಿರುಗಿಸಿ. ಎಕ್ಸ್‌ಟ್ರೂಡ್ ಅರ್ಥವಾಗದವರು ಅಡುಗೆಮನೆಗೆ ಹೋಗಿ ಚಕ್ಕುಲಿ ಒರಳನ್ನು ನೋಡಬೇಕು. ಬಿಲ್ಲೆಯಲ್ಲಿ ನಕ್ಷತ್ರದ ತೂತಿದ್ದರೆ ನಕ್ಷತ್ರದ ಅಡ್ಡಕೊಯ್ತವಿರುವ ಹಿಟ್ಟಿನ ಕೋಲು ಇಳಿಯುತ್ತದೆ. ನೇರ ಇಳಿಸಿದರೆ ಎಕ್ಸ್‌ಟ್ರೂಡ್, ಸುತ್ತಿಸುತ್ತ ಇಳಿಸಿದರೆ ಸ್ವೀಪ್. ಸೋಮನಾಥಪುರದ ಗುಡಿಯ ಒಂದೊಂದು ಗರ್ಭಗುಡಿಯ ಹೊರನಕ್ಷೆಯನ್ನು ಮೇಲಿನಿಂದ ನೋಡಿದರೆ ಹದಿನಾರು ಮೊನೆಯ ನಕ್ಷತ್ರ. ಒಂದು ಚೌಕವನ್ನು ಕೇಂದ್ರದ ಸುತ್ತ ಹಂತಹಂತವಾಗಿ ತಿರುಗಿಸಿದರೆ ಅದು ಸಿಗುತ್ತದೆ. ಇದನ್ನು ಹೇಳುವಾಗ ನಮ್ಮ ಪೂರ್ವಿಕರಿಗೆ ಕಂಪ್ಯೂಟರ್ ಗೊತ್ತಿತ್ತು ಎಂಬ ಹುಚ್ಚು ಹೆಮ್ಮೆಗೆ ನಾನು ಎಣ್ಣೆ ಹೊಯ್ಯುತ್ತಿಲ್ಲ. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ವಿನ್ಯಾಸ ಗೊತ್ತಿತ್ತು. ನಮ್ಮ ಕೋರ್ಸುಗಳ ಕಥೆ ತಿರುವುಮುರುವು.

ತಂತ್ರಾಂಶದ ಚರಿತ್ರೆಯೂ ವಿಚಾರವೇ ಮೊದಲು, ಬ್ರಾಂಡು ಆಮೇಲೆ ಎನ್ನುತ್ತದೆ. ಇವಾನ್ ಸದರ್ಲೆಂಡ್ 1963ರಲ್ಲಿ ಎಂಐಟಿಗೆ ಒಪ್ಪಿಸಿದ ಪ್ರಬಂಧದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯಲ್ಲಿ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯಬಹುದಿತ್ತು. ಈ ಎರಡು ಗೆರೆ ಸಮಾನಾಂತರವಾಗಿರಲಿ, ಈ ಮೂಲೆ ಲಂಬವಾಗಿರಲಿ ಎಂದು ನಿಯಮಗಳನ್ನೂ ಹೇರಬಹುದಿತ್ತು. ಮೇಲೆ ಹೇಳಿದ 'ಎರಡೂ ಅಂಚಿನಿಂದ ಸಮ' ಎಂಬ ಜಾಣತನದ ಬೇರು ಅಲ್ಲಿದೆ. ಆಟೋಕ್ಯಾಡ್ ಬಂದದ್ದು 1982ರಲ್ಲಿ, ಫೋಟೋಶಾಪಿನ ಮೊದಲ ಆವೃತ್ತಿ 1990ರಲ್ಲಿ.

ವೆಕ್ಟರ್ ತಂತ್ರಾಂಶಗಳ ಜೀವಾಳವಾದ ಆ ಬಾಗುಗೆರೆಯ ಕಥೆ ಇನ್ನೂ ಸ್ವಾರಸ್ಯ. 1959ರ ಸುಮಾರಿಗೆ ಫ್ರಾನ್ಸಿನ ಸಿಟ್ರೋಯೆನ್ ಕಾರು ಕಂಪನಿಯಲ್ಲಿದ್ದ ಪಾಲ್ ದ ಕಾಸ್ತೆಲ್ಜೊ ಅದರ ಲೆಕ್ಕವನ್ನು ಕಂಡುಕೊಂಡ. ಕಂಪನಿ ಅದನ್ನು ವ್ಯಾಪಾರದ ಗುಟ್ಟು ಎಂದು ಮುಚ್ಚಿಟ್ಟಿತು. ರೆನೊ ಕಂಪನಿಯಲ್ಲಿದ್ದ ಪಿಯರ್ ಬೆಜಿಯೆ ಅದೇ ಬಗೆಯ ಗೆರೆಯನ್ನು ತನ್ನ ದಾರಿಯಲ್ಲಿ ಕಂಡುಕೊಂಡು ಪ್ರಕಟಿಸಿದ. ಇವತ್ತು ಜಗತ್ತೆಲ್ಲ ಅದನ್ನು ಬೆಜಿಯೆ ಗೆರೆ ಎನ್ನುತ್ತದೆ. ಲೆಕ್ಕ ಸರಳ: ಎರಡು ತುದಿಬಿಂದು, ಎರಡು ಹಿಡಿಕೆಬಿಂದು, ಅವುಗಳ ನಡುವೆ ಗೆರೆ ಎಳೆದು ಮಧ್ಯಬಿಂದು ಹಿಡಿಯುತ್ತ, ಆ ಮಧ್ಯಬಿಂದುಗಳ ನಡುವೆ ಮತ್ತೆ ಗೆರೆ ಎಳೆದು ಮಧ್ಯಬಿಂದು ಹಿಡಿಯುತ್ತ ಹೋದರೆ ಬಾಗು ಸಿಗುತ್ತದೆ. ಹೈಸ್ಕೂಲಿನ ಹುಡುಗಿ ಸ್ಕೇಲು ಪೆನ್ಸಿಲಿನಲ್ಲಿ ಅರ್ಧ ಗಂಟೆಯಲ್ಲಿ ಮಾಡಿ ನೋಡಬಹುದು. ಆ ಅರ್ಧ ಗಂಟೆಯನ್ನು ಕೊಡುವ ಕೋರ್ಸು ಎಷ್ಟಿವೆ?

ಹಾಗೆ ಮಾಡಿ ನೋಡಿದವಳಿಗೆ ಮುಂದೆ ಒಂದು ಸೂಕ್ಷ್ಮ ತಾನಾಗಿ ತಿಳಿಯುತ್ತದೆ. ಇಂಥ ನಾಲ್ಕು ಬಾಗುಗಳನ್ನು ಜೋಡಿಸಿ ವೃತ್ತ ಮಾಡಿದರೆ ಅದು ನಿಜವಾದ ವೃತ್ತವಲ್ಲ, ಬಹಳ ಹತ್ತಿರದ ಅನುಕರಣೆ. 100 ಮಿಲಿಮೀಟರ್ ತ್ರಿಜ್ಯಕ್ಕೆ ಸುಮಾರು 0.03 ಮಿಲಿಮೀಟರ್ ವ್ಯತ್ಯಾಸ. ಪುಸ್ತಕದ ಮುಖಪುಟಕ್ಕೆ ಅದು ಲೆಕ್ಕಕ್ಕಿಲ್ಲ. ಬೇರಿಂಗ್ ಕೂರಬೇಕಾದ ತೂತಿಗೆ ಲೆಕ್ಕಕ್ಕಿರಬಹುದು. ಕ್ಯಾಡ್ ತಂತ್ರಾಂಶ ವೃತ್ತವನ್ನು ಕೇಂದ್ರ ಮತ್ತು ತ್ರಿಜ್ಯವಾಗಿಯೇ ನೆನಪಿಟ್ಟುಕೊಳ್ಳುವುದು ಅದಕ್ಕೇ. ಯಾವ ಕೆಲಸಕ್ಕೆ ಯಾವ ತಂತ್ರಾಂಶ ಎಂಬ ವಿವೇಕ ಹುಟ್ಟುವುದು ಇಂಥ ತಿಳಿವಳಿಕೆಯಿಂದ, ಐಕಾನುಗಳ ಪರಿಚಯದಿಂದಲ್ಲ.

ಈಗ ಎದುರುವಾದಿಗಳ ಮಾತು ಕೇಳೋಣ. ಅವರ ಮೊದಲ ಮಾತು ನೌಕರಿಯದು. "ಸ್ವಾಮಿ, ಜಾಹೀರಾತಿನಲ್ಲಿ ಚುಕ್ಕಿ ಗೆರೆ ಬಲ್ಲವರು ಬೇಕು ಅಂತ ಇರೋದಿಲ್ಲ. ಫೋಟೋಶಾಪ್ ಬಲ್ಲವರು ಬೇಕು ಅಂತಿರುತ್ತೆ." ಇದು ಸುಳ್ಳಲ್ಲ. ಬಡವರ ಮನೆಯ ಹುಡುಗನಿಗೆ ಮೊದಲ ಸಂಬಳ ಮುಖ್ಯ, ಅವನಿಗೆ ತತ್ವ ಬೋಧಿಸುವ ಹಕ್ಕು ಹೊಟ್ಟೆ ತುಂಬಿದ ಯಾರಿಗೂ ಇಲ್ಲ. ಆದರೆ ಇದೇ ವಾದವನ್ನು ಇಪ್ಪತ್ತೈದು ವರ್ಷ ಹಿಂದಕ್ಕೆ ಒಯ್ದು ನೋಡಿ. ಅಂದಿನ ಬೋರ್ಡುಗಳ ಮೇಲೆ ಪೇಜ್‌ಮೇಕರ್ ಇತ್ತು, ಫ್ಲ್ಯಾಶ್ ಇತ್ತು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಫ್ಲ್ಯಾಶನ್ನು ಅದರ ಕಂಪನಿಯೇ 2020ರ ಡಿಸೆಂಬರ್ 31ಕ್ಕೆ ಕೈಬಿಟ್ಟಿತು. ಆ ಮೆನುಗಳನ್ನು ಮಾತ್ರ ಕಲಿತವರ ವಿದ್ಯೆ ಕಂಪನಿಯ ಒಂದು ಪ್ರಕಟಣೆಯೊಂದಿಗೆ ಮುಗಿಯಿತು. ಪುಟದ ಅಂದ, ಅಕ್ಷರದ ನಡುವಿನ ಬಿಡುವು, ಚಲನೆಯ ಕಾಲಮಾನ ಇವನ್ನು ಕಲಿತವರು ಹೊಸ ತಂತ್ರಾಂಶಕ್ಕೆ ಕೆಲವೇ ವಾರಗಳಲ್ಲಿ ಒಗ್ಗಿಕೊಂಡರು. ನೌಕರಿಯ ಮಾತು ಬಂದರೆ ನಾನು ಅದರ ಪರವಾಗಿಯೇ ವಾದಿಸುತ್ತಿದ್ದೇನೆ: ಮೊದಲ ನೌಕರಿಯ ಪರವಾಗಿ ಮಾತ್ರವಲ್ಲ, ಹದಿನೈದನೆಯ ವರ್ಷದ ನೌಕರಿಯ ಪರವಾಗಿ.

ಎರಡನೆಯ ಮಾತು ದುಡ್ಡಿನದು. ಅಡೋಬಿ 2013ರಿಂದ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಬಾಡಿಗೆಯ ಮೇಲಷ್ಟೇ ಕೊಡತೊಡಗಿತು. ಆಟೋಡೆಸ್ಕ್ 2016ರಲ್ಲಿ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿತು. ತಿಂಗಳಿಗಿಷ್ಟು ಕಟ್ಟಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಇದಕ್ಕೆ ನಮ್ಮ ಊರುಗಳು ಕಂಡುಕೊಂಡ ಉತ್ತರ ಎಲ್ಲರಿಗೂ ಗೊತ್ತು: ಕ್ರ್ಯಾಕ್ ಮಾಡಿದ ಪ್ರತಿ. ಪಾಠದ ಮೊದಲ ದಿನವೇ ಕಳ್ಳಮಾಲಿನಿಂದ ಆರಂಭ. ಇಲ್ಲಿ ನೀತಿಪಾಠ ಹೇಳುವ ಆಸೆ ನನಗಿಲ್ಲ. ನನ್ನ ಆಕ್ಷೇಪ ವ್ಯಾವಹಾರಿಕ. ಕ್ರ್ಯಾಕ್ ಪ್ರತಿಯಲ್ಲಿ ಕಲಿತ ಹುಡುಗ ನಾಳೆ ತನ್ನದೇ ಅಂಗಡಿ ತೆರೆದಾಗ ಎರಡೇ ದಾರಿ: ಕಳ್ಳನಾಗಿ ಮುಂದುವರಿಯುವುದು, ಇಲ್ಲವೇ ಬಾಡಿಗೆದಾರನಾಗುವುದು. ತಾನು ಬಿಡಿಸಿದ ಚಿತ್ರವೇ ಬೇರೆಯವರ ಬೀಗದೊಳಗಿನ ಕಡತವಾಗಿ ಉಳಿಯುತ್ತದೆ. ಕಂತು ನಿಂತ ತಿಂಗಳು ತನ್ನ ಕೆಲಸಕ್ಕೆ ತಾನೇ ಅಪರಿಚಿತ.

ಮೂರನೆಯ ದಾರಿ ಇದೆ, ಅದು ಬಿಟ್ಟಿಯಾಗಿ ಸಿಗುತ್ತದೆ ಎಂಬ ಕಾರಣಕ್ಕೇ ನಮ್ಮಲ್ಲಿ ಅದಕ್ಕೆ ಮರ್ಯಾದೆಯಿಲ್ಲ. ಚುಕ್ಕಿಗೆ ಗಿಂಪ್ ಮತ್ತು ಕ್ರಿಟಾ, ಗೆರೆಗೆ ಇಂಕ್‌ಸ್ಕೇಪ್, ಅಳತೆಯ ಘನಕ್ಕೆ ಫ್ರೀಕ್ಯಾಡ್, ಕಲ್ಪನೆಯ ಘನಕ್ಕೆ ಬ್ಲೆಂಡರ್. ಗಿಂಪನ್ನು ತೊಂಬತ್ತರ ದಶಕದಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದರು. ಬ್ಲೆಂಡರ್ ಕಟ್ಟಿದ ಕಂಪನಿ 2002ರಲ್ಲಿ ಮುಚ್ಚಿತು. ಬಳಕೆದಾರರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದರ ಮೂಲ ಸಂಕೇತವನ್ನು ಬಿಡಿಸಿಕೊಂಡು ಎಲ್ಲರದ್ದಾಗಿ ಮಾಡಿದರು. ಅದೇ ಬ್ಲೆಂಡರಿನಲ್ಲಿ ತಯಾರಾದ ಲಾಟ್ವಿಯಾದ 'ಫ್ಲೋ' ಚಿತ್ರ 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಗೆದ್ದಿತು. ಬಿಟ್ಟಿ ಸಾಮಾನಿನಲ್ಲಿ ಏನು ಮಾಡಲಾದೀತು ಎಂದು ಮೂಗು ಮುರಿಯುವ ಕೇಂದ್ರಗಳ ಮಾಲೀಕರು ಇದನ್ನೊಮ್ಮೆ ಗಮನಿಸಬೇಕು.

ಇವುಗಳಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳುವುದಿಲ್ಲ. ಅಚ್ಚುಮನೆಯ ನಾಲ್ಕು ಬಣ್ಣದ ಕೆಲಸದಲ್ಲಿ ಗಿಂಪ್ ದುರ್ಬಲ. ಫ್ರೀಕ್ಯಾಡಿನಲ್ಲಿ ಮೊದಲ ಹಂತದ ಅಳತೆ ಬದಲಿಸಿದರೆ ಮುಂದಿನ ಹಂತಗಳು ಕುಸಿದುಬೀಳುವ ತೊಂದರೆ ವರ್ಷಗಟ್ಟಲೆ ಇತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದು ಬಹಳ ಮಟ್ಟಿಗೆ ತಗ್ಗಿದೆ. ದೊಡ್ಡ ಕಂಪನಿ ಸೇರುವವರು ಅಲ್ಲಿನ ದುಬಾರಿ ತಂತ್ರಾಂಶವನ್ನು ಹೇಗೂ ಕಲಿಯಬೇಕು, ಕಲಿಯಲಿ. ನನ್ನ ಮಾತು ಕಲಿಕೆಯ ಮೊದಲ ವರ್ಷದ್ದು. ಈಜು ಕಲಿಯಲು ಊರ ಬಾವಿ ಸಾಕು. ಈಜು ಬಂದಮೇಲೆ ಯಾವ ಕೊಳದಲ್ಲಾದರೂ ಇಳಿಯಬಹುದು.

ಇನ್ನು ಕನ್ನಡದ ಮಾತು. ಸಾಹಿತ್ಯದ ಓದುಗರು ಈ ಚರ್ಚೆಯನ್ನು 'ಟೆಕ್ನಿಕಲ್' ಎಂದು ದಾಟಿ ಹೋಗುವಂತಿಲ್ಲ ಎನ್ನುವುದು ಇಲ್ಲಿಯೇ. ನೀವು ಓದುತ್ತಿರುವ ಪ್ರತಿಯೊಂದು ಕನ್ನಡ ಅಕ್ಷರ ವೆಕ್ಟರ್ ಚಿತ್ರ. ಯಾರೋ ಕೂತು ಬಿಂದುಗಳನ್ನಿಟ್ಟು ಬಾಗು ಹಿಡಿದು 'ಲ'ದ ಸುರುಳಿಯನ್ನೂ 'ಣ'ದ ಡೊಂಕನ್ನೂ ಬಿಡಿಸಿದ್ದಾರೆ. ಬಾಗುಗೆರೆಗಳೇ ಮೈಯಾಗಿರುವ ಲಿಪಿ ನಮ್ಮದು. ಇಂಗ್ಲಿಷಿಗಿರುವ ಸಾವಿರಾರು ಫಾಂಟುಗಳ ಪಕ್ಕದಲ್ಲಿಟ್ಟರೆ ಕನ್ನಡದವು ತೀರ ಕಡಿಮೆ. ಬಲೂ ತಮ್ಮ, ಅನೇಕ್ ಕನ್ನಡ, ಟಿರೊ ಕನ್ನಡದಂಥ ಮುಕ್ತ ಫಾಂಟುಗಳು ಈಚೆಗೆ ಬಂದಿವೆ, ಸಂತೋಷ. ಇನ್ನೂ ನೂರು ಬೇಕು. ಬಾಗುಗೆರೆಯ ಲೆಕ್ಕವನ್ನೇ ಕಲಿಸದ ನಾಡಿನಲ್ಲಿ ಅವನ್ನು ಬಿಡಿಸುವವರು ಎಲ್ಲಿಂದ ಬರುತ್ತಾರೆ?

ಬದಲಿಗೆ ನಮ್ಮ ಡಿಟಿಪಿ ಲೋಕ ಒಂದು ತಲೆಮಾರಿಗೆ ಕಲಿಸಿದ್ದೇನು? ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ಫಾಂಟುಗಳನ್ನು. ಅಂದು ಬೇರೆ ಗತಿಯಿರಲಿಲ್ಲ, ಆ ಫಾಂಟು ಮಾಡಿದವರ ಋಣ ದೊಡ್ಡದು. ಆದರೆ ಆ ಫಾಂಟು ತೆಗೆದ ಕ್ಷಣ ಇಡೀ ಕಾದಂಬರಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ; ಹುಡುಕಿದರೆ ಒಂದು ಪದ ಸಿಗುವುದಿಲ್ಲ. ಯೂನಿಕೋಡಿನಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರ ಆರು ಸಂಕೇತಗಳ ಸಾಲು. ಅವನ್ನು ಸರಿಯಾಗಿ ಹೆಣೆದು ಒತ್ತಕ್ಷರ ಕೂರಿಸುವ ಕೆಲಸ ತಂತ್ರಾಂಶದ್ದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಅದು ಒಡೆದು ಚೆಲ್ಲಾಪಿಲ್ಲಿಯಾಗುತ್ತಿತ್ತು. ಹೊಸವು ಮಾಡಬಲ್ಲವು, ಕೆಲವೊಮ್ಮೆ ಪಠ್ಯದ ಒಂದು ಆಯ್ಕೆ ಬದಲಿಸಬೇಕಷ್ಟೆ. ಇಂಕ್‌ಸ್ಕೇಪ್, ಗಿಂಪ್ ಎರಡೂ ಸರಿಯಾಗಿ ಹೆಣೆಯುತ್ತವೆ. ಆದರೂ "ಇದರಲ್ಲಿ ಕನ್ನಡ ಬರೋದಿಲ್ಲ" ಎಂಬ ಹಳೆಯ ಸುಳ್ಳು ತರಗತಿಯಿಂದ ತರಗತಿಗೆ ದಾಟುತ್ತಲೇ ಇದೆ. ಮೆನು ಬಾಯಿಪಾಠದ ಕಲಿಕೆಯಲ್ಲಿ ಸುಳ್ಳಿಗೂ ಆಯುಷ್ಯ ಹೆಚ್ಚು, ಪ್ರಶ್ನಿಸುವ ಅಭ್ಯಾಸವೇ ಇಲ್ಲವಲ್ಲ.

ಪಾಠದ ಭಾಷೆಯ ಸ್ಥಿತಿಯೂ ಹೀಗೇ. ಲೇಯರ್, ಮಾಸ್ಕ್, ಎಕ್ಸ್‌ಟ್ರೂಡ್ ಇವಕ್ಕೆ ಸಂಸ್ಕೃತದ ಕಬ್ಬಿಣದ ಕಡಲೆ ಹುರಿದುಕೊಡಿ ಎಂದು ನಾನು ಕೇಳುತ್ತಿಲ್ಲ. ಪದ ಹಾಗೆಯೇ ಇರಲಿ. ವಿವರಣೆ ಕನ್ನಡದಲ್ಲಿರಲಿ. ಚಕ್ಕುಲಿ ಒರಳು ಎಂದರೆ ಒಂದು ನಿಮಿಷದಲ್ಲಿ ಹೊಳೆಯುವುದನ್ನು ಅರ್ಧಂಬರ್ಧ ಇಂಗ್ಲಿಷಿನ ವಿವರಣೆಯಲ್ಲಿ ಒಂದು ವಾರ ಮುಚ್ಚಿಡುವುದು ಕ್ರೌರ್ಯ. ಕನ್ನಡ ಮಾಧ್ಯಮದಿಂದ ಬಂದ ಡಿಪ್ಲೊಮಾ ವಿದ್ಯಾರ್ಥಿ ತನಗೆ ಬುದ್ಧಿ ಕಡಿಮೆ ಎಂದುಕೊಂಡು ಹಿಂದಿನ ಬೆಂಚಿಗೆ ಸರಿಯುವುದು ಹೀಗೇ. ಅವನಿಗೆ ಕಡಿಮೆಯಾದದ್ದು ಬುದ್ಧಿಯಲ್ಲ, ಒಂದು ಉದಾಹರಣೆ.

ಈಚಿನ ವಾದ ಇನ್ನೊಂದಿದೆ. ಎಐ ಬಂದಿದೆಯಲ್ಲ, ಒಂದು ಸಾಲು ಬರೆದರೆ ಚಿತ್ರ ಬರುತ್ತದೆ, ಇನ್ನೇಕೆ ಇದೆಲ್ಲ? ಹಾಗೆ ಬರುವ ಚಿತ್ರ ಸಾಮಾನ್ಯವಾಗಿ ಚುಕ್ಕಿಗಳ ರಾಶಿ. ಅದನ್ನು ಲೇಸರ್ ಯಂತ್ರಕ್ಕೆ ಕೊಡಬೇಕಾದರೆ ಗೆರೆ ಬಲ್ಲವರು ಬೇಕು, ಲೋಹದಲ್ಲಿ ಮಾಡಬೇಕಾದರೆ ಘನ ಬಲ್ಲವರು ಬೇಕು, ಅದರಲ್ಲಿನ ಕನ್ನಡ ಕಾಗುಣಿತ ತಿದ್ದಬೇಕಾದರೆ ಕನ್ನಡ ಬಲ್ಲವರು ಬೇಕು. ಕೇಳಿದ್ದನ್ನು ಕೊಡುವ ಯಂತ್ರ ಬಂದಾಗ ಬೆಲೆ ಹೆಚ್ಚುವುದು ಏನು ಕೇಳಬೇಕೆಂದು ಬಲ್ಲವರಿಗೆ. ಬೆಲೆ ಇಳಿಯುವುದು ಗುಂಡಿ ಒತ್ತುವವರಿಗೆ. ಎಐ ವಾದ ನನ್ನ ವಾದಕ್ಕೇ ಸಾಕ್ಷಿ ಹೇಳುತ್ತದೆ.

ಏನು ಮಾಡಬೇಕು? ದೊಡ್ಡ ಆಯೋಗಗಳು ಬೇಡ. ಮೊದಲ ವಾರ ಕಂಪ್ಯೂಟರ್ ಆರಿಸಿಡಿ. ಗ್ರಾಫ್ ಹಾಳೆಯ ಮೇಲೆ ಕಸೂತಿಯ ಗೋಪುರವೊಂದನ್ನು ಚೌಕ ತುಂಬಿ ಬಿಡಿಸಲಿ, ಸ್ಕೇಲಿನಲ್ಲಿ ಬೆಜಿಯೆ ಬಾಗು ಎಳೆಯಲಿ, ಮನೆಯ ಯಾವುದಾದರೊಂದು ಮುಚ್ಚಳವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಮೂರು ನೋಟ ಬರೆಯಲಿ. ಎರಡನೆಯ ವಾರ ಅವನ್ನೇ ಪರದೆಯ ಮೇಲೆ ಮಾಡಲಿ. ಆಗ ಪ್ರತಿಯೊಂದು ಆಜ್ಞೆಯೂ ಅವರು ಈಗಾಗಲೇ ಪಟ್ಟ ಕಷ್ಟಕ್ಕೆ ಉತ್ತರವಾಗಿ ಬರುತ್ತದೆ. ಬೇಕೆನಿಸಿದಾಗ ಸಿಕ್ಕಿದ ಆಜ್ಞೆ ಮರೆಯುವುದಿಲ್ಲ.

ಪರೀಕ್ಷೆಯನ್ನೂ ಬದಲಿಸಿ. ಪರೀಕ್ಷಕ ಮುದ್ರಿತ ಹಾಳೆ ನೋಡಿ ಅಂಕ ಕೊಡುವುದು ನಿಲ್ಲಲಿ. ಕಡತ ತೆರೆದು ಒಂದು ಅಳತೆ ಬದಲಿಸಲಿ: 70 ಇದ್ದದ್ದು 90 ಆಗಲಿ. ಚಿತ್ರ ನಿಂತರೆ ಪಾಸು, ಕುಸಿದರೆ ಮತ್ತೊಮ್ಮೆ ಬರಲಿ. ಗೆರೆಯ ಪರೀಕ್ಷೆಗೆ ಒಂದು 'ಅ' ಕೊಟ್ಟು ಅತಿ ಕಡಿಮೆ ಬಿಂದುಗಳಲ್ಲಿ ಬಿಡಿಸಲು ಹೇಳಲಿ. ಚುಕ್ಕಿಯ ಪರೀಕ್ಷೆಗೆ ಒಂದೇ ಫೋಟೋ ಕೊಟ್ಟು ಅಂಚೆಚೀಟಿಗೂ ಫ್ಲೆಕ್ಸಿಗೂ ಆಗುತ್ತದೆಯೇ, ಏಕೆ ಎಂದು ಕೇಳಲಿ. ಹಿಂದಿನ ಬ್ಯಾಚಿನ ನೋಟ್ಸು ಈ ಮೂರರಲ್ಲಿ ಯಾವುದಕ್ಕೂ ನೆರವಾಗದು. ಕಲಿಸುವವರನ್ನು ನಾನು ದೂರುತ್ತಿಲ್ಲ. ಬ್ಯಾಚಿಗೆ ಇಷ್ಟು ಎಂದು ಸಂಬಳ ಪಡೆಯುವ ಅವರೂ ಇದೇ ಗಿರಣಿಯಲ್ಲಿ ಅರೆದು ಬಂದವರು. ಪರೀಕ್ಷೆ ಬದಲಾದರೆ ಪಾಠ ತಾನಾಗಿ ಬದಲಾಗುತ್ತದೆ.

ಅದೆಲ್ಲ ಆಗುವ ತನಕ ಕಾಯಲಾರದ ವಿದ್ಯಾರ್ಥಿಗಳಿಗೆ ಒಂದು ಮಾತು. ಮೆಟ್ಟಿಲು ಹತ್ತಿ ಆ ಬೋರ್ಡಿನ ಕೆಳಗಿನ ಬಾಗಿಲಿಗೆ ಹೋದಾಗ ಫೀಸು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಫೋಟೋವನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಏಕೆ ಮಸುಕಾಗುತ್ತದೆ? ಈ ಅಕ್ಷರ ಏಕೆ ಆಗುವುದಿಲ್ಲ? ಈ ಪೆಟ್ಟಿಗೆಯ ಅಗಲ ಬದಲಿಸಿದರೆ ತೂತು ನಡುವೆಯೇ ಉಳಿಯುವಂತೆ ಮಾಡುವುದು ಹೇಗೆ? ಕೂತವರು ಕುರ್ಚಿ ಎಳೆದುಕೊಂಡು ಕಾಗದದ ಮೇಲೆ ಬಿಡಿಸಿ ತೋರಿಸತೊಡಗಿದರೆ ಬ್ಯಾಗು ಇಳಿಸಿ, ಅಲ್ಲೇ ಕಲಿಯಿರಿ. "ಅದೆಲ್ಲ ಅಡ್ವಾನ್ಸ್ ಕೋರ್ಸಿನಲ್ಲಿ ಬರುತ್ತೆ" ಎಂದರೆ ನಮಸ್ಕಾರ ಹೇಳಿ ಇಳಿದು ಬನ್ನಿ. ಉಳಿದ ದುಡ್ಡಿನಲ್ಲಿ ಒಂದು ಕ್ಯಾಲಿಪರ್, ಒಂದು ಗ್ರಾಫ್ ಪುಸ್ತಕ ಕೊಳ್ಳಬಹುದು.